ರಿನೈಸಾನ್ಸ್ ವ್ಯಾಕ್ಸ್: ಬಿದ್ರಿಗೆ ಸೈ, ದೀಪದ ಕಂಬಕ್ಕೆ ದಂಡ

ಹಳೇ ಸಾಮಾನು ಕೊಳ್ಳುವವರು, ಅದನ್ನು ದುರಸ್ತಿ ಮಾಡುವವರು ಇಬ್ಬರೂ ಕೇಳುವ ಹೆಸರು ರಿನೈಸಾನ್ಸ್ ವ್ಯಾಕ್ಸ್. 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪುಗೊಂಡ ಮೇಣ ಇದು. 65 ಮತ್ತು 200 ಮಿ.ಲೀ. ಡಬ್ಬಿಗಳಲ್ಲಿ ಬರುತ್ತದೆ. ಆಮದು ಮಾಲು, ಅಗ್ಗವೇನಲ್ಲ. ಕೊಳ್ಳುವ ಮುಂಚೆ ಒಂದು ಮಾತು ಗೊತ್ತಿರಲಿ: ಇದು ತುಕ್ಕು ಬಿಡಿಸುವುದಿಲ್ಲ, ಕಿಲುಬು ತೆಗೆಯುವುದಿಲ್ಲ, ಹುಳು ಕೊರೆದ ಮರವನ್ನು ಗಟ್ಟಿ ಮಾಡುವುದಿಲ್ಲ. ಎಲ್ಲ ಕೆಲಸ ಮುಗಿದ ಮೇಲೆ ಕೊಡುವ ಕೊನೆಯ ಕೈ ಅಷ್ಟೆ. ಇದನ್ನೇ ಚಿಕಿತ್ಸೆ ಎಂದುಕೊಂಡು ಕೊಳೆಯ ಮೇಲೆಯೇ ಬಳಿಯುವವರು ಬಹಳ. ಅವರ ಕೈಯಲ್ಲಿ ಕೊಳೆಗೂ ಹೊಳಪು ಬರುತ್ತದೆ.

ಡಬ್ಬಿಯಲ್ಲಿರುವುದು ಪೆಟ್ರೋಲಿಯಂ ಮೂಲದ ಮೈಕ್ರೋಕ್ರಿಸ್ಟಲೈನ್ ಮೇಣ, ಸ್ವಲ್ಪ ಪಾಲಿಎಥಿಲೀನ್ ಮೇಣ, ಇವೆರಡನ್ನೂ ಮೆತ್ತಗಿಡಲು ವೈಟ್ ಸ್ಪಿರಿಟ್ (ನಮ್ಮ ಅಂಗಡಿಗಳ ಮಿನರಲ್ ಟರ್ಪೆಂಟೈನ್). ಆಮ್ಲದ ಅಂಶ ಇಲ್ಲದಿರುವುದೇ ಇದರ ದೊಡ್ಡ ಗುಣ. ಜೇನುಮೇಣದಲ್ಲಿ ಸಹಜವಾಗಿಯೇ ಕೊಬ್ಬಿನ ಆಮ್ಲಗಳಿವೆ. ತಾಮ್ರ, ಹಿತ್ತಾಳೆ ಸೋಕಿದರೆ ಅವು ನಿಧಾನಕ್ಕೆ ಹಸಿರು ಲವಣವಾಗುತ್ತವೆ. ಹಿತ್ತಾಳೆ ಪಟ್ಟಿ ಹೊಡೆದ ಹಳೇ ಪೆಟ್ಟಿಗೆಗಳಲ್ಲಿ ಮೊಳೆಯ ಸುತ್ತ ಉಗುರಿಗೆ ಸಿಗುವ ಹಸಿರು ಮೇಣದ ಗಟ್ಟಿ ಇರುತ್ತದಲ್ಲ, ಅದು ಹುಟ್ಟುವುದು ಹೀಗೆ. ಜೇನುಮೇಣ 62–64 ಡಿಗ್ರಿಗೆ ಕರಗುತ್ತದೆ, ಅದಕ್ಕೆ ಬಹಳ ಮೊದಲೇ ಮೆತ್ತಗಾಗಿ ಧೂಳು ಹಿಡಿಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ. ಮೈಕ್ರೋಕ್ರಿಸ್ಟಲೈನ್ ಮೇಣ ಅದಕ್ಕಿಂತ ಗಡಸು. ಮುಟ್ಟಿದರೆ ಬೆರಳಚ್ಚೂ ಸುಲಭಕ್ಕೆ ಮೂಡುವುದಿಲ್ಲ.

ಈ ಡಬ್ಬಿಗೆ ಕೊಟ್ಟ ದುಡ್ಡು ನಿಜವಾಗಿ ವಸೂಲಾಗುವುದು ಬಿದ್ರಿ ಕೆಲಸದ ಮೇಲೆ. ಬಿದ್ರಿಯ ಲೋಹ ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ನೀರಿಗೆ ಹಾಕಿ ಕಾಯಿಸಿದಾಗ ಲೋಹ ಕಪ್ಪಾಗುತ್ತದೆ, ಒಳಗೆ ಕೂರಿಸಿದ ಬೆಳ್ಳಿ ಹಾಗೇ ಉಳಿಯುತ್ತದೆ. ಆ ಕಪ್ಪು ಬಣ್ಣವಲ್ಲ, ಲೋಹದ ಮೇಲ್ಮೈಯಲ್ಲೇ ಹುಟ್ಟಿದ ತೆಳು ಪದರ. ಸತುವಿನ ಕಷ್ಟ ಏನೆಂದರೆ ಅದು ಹುಳಿಗೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಹೀಗಾಗಿ ಹುಣಸೆಹಣ್ಣು, ನಿಂಬೆ, ಬೆಳ್ಳಿ ಅದ್ದುವ ದ್ರಾವಣ, ಬಿಸಿನೀರಿಗೆ ಸೋಡಾ ಹಾಕಿ ಅಲ್ಯೂಮಿನಿಯಂ ಹಾಳೆಯಲ್ಲಿ ಬೆಳ್ಳಿ ಬೆಳಗುವ ಮನೆಮದ್ದು, ಎಲ್ಲವೂ ಬಿದ್ರಿಗೆ ವಿಷ. ಬೆಳ್ಳಿ ಬೆಳ್ಳಗಾಗುವಷ್ಟರಲ್ಲಿ ಸುತ್ತಲ ಕಪ್ಪು ಬೂದಿ ಬಣ್ಣಕ್ಕೆ ಇಳಿದಿರುತ್ತದೆ. ಕರಕುಶಲಿಗರು ಕೊನೆಗೆ ಎಣ್ಣೆ ಸವರುವುದು ಕಪ್ಪಿಗೆ ಆಳ ಬರಲೆಂದು. ಹೊಸ ವಸ್ತುವಿಗೆ ಅದು ಸರಿ. ವರ್ಷಾನುಗಟ್ಟಲೆ ಎಣ್ಣೆ ಕುಡಿದ ವಸ್ತುವಿನಲ್ಲಿ ಅದೇ ಎಣ್ಣೆ ಅಂಟಂಟಾಗಿ, ಕಂದು ಬಣ್ಣಕ್ಕೆ ತಿರುಗಿ, ಬೆಳ್ಳಿ ಎಳೆಯ ಅಂಚಿನಲ್ಲಿ ಕೂತಿರುತ್ತದೆ.

ಕ್ರಮ ಇಷ್ಟು. ಮೆತ್ತನೆ ಕುಂಚದಲ್ಲಿ ಧೂಳು ಕೊಡವಿ. ಕಿತ್ತು ನಿಂತ ಬೆಳ್ಳಿ ತಂತಿ ಇದೆಯೇ ಎಂದು ಓರೆ ಬೆಳಕಿನಲ್ಲಿ ನೋಡಿ. ತಾರ್ಕಶಿ ಕೆಲಸದಲ್ಲಿ, ಎಂದರೆ ತಂತಿ ಕೂರಿಸಿದ ಬಿದ್ರಿಯಲ್ಲಿ, ಇದು ಸಾಮಾನ್ಯ, ಬಟ್ಟೆಯ ನೂಲು ಸಿಕ್ಕಿಕೊಂಡರೆ ತಂತಿ ಸುರುಳಿಯೇ ಎದ್ದು ಬರುತ್ತದೆ. ಅಂಥ ಕಡೆ ಮೊದಲು ಪ್ಯಾರಲಾಯ್ಡ್ ಬಿ-72 ರಾಳವನ್ನು ಅಸಿಟೋನಿನಲ್ಲಿ ಶೇ. 20ರಷ್ಟು ಕರಗಿಸಿ, ಸಣ್ಣ ಕುಂಚದ ತುದಿಯಿಂದ ತಂತಿಯಡಿಗೆ ಬಿಟ್ಟು, ಮರದ ಕಡ್ಡಿಯಿಂದ ಒತ್ತಿ ಹಿಡಿಯಿರಿ. ಬೇಡವಾದರೆ ಅಸಿಟೋನಿನಲ್ಲೇ ಮತ್ತೆ ಬಿಡಿಸಬಹುದು. ಸೂಪರ್ ಗ್ಲೂ ಹಾಕಿದರೆ ಅಂಚಿನಲ್ಲಿ ಉಕ್ಕಿ ಬಿಳಿ ಮಂಜು ಕಟ್ಟುತ್ತದೆ. (ಈ ರಾಳ 40 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ದುರಸ್ತಿಯಾದ ವಸ್ತುವನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ.) ರಾಳ ಪೂರ್ತಿ ಒಣಗಿದ ಮೇಲೆ, ಆ ಜಾಗ ಬಿಟ್ಟು ಉಳಿದೆಡೆ ಹಳೇ ಎಣ್ಣೆ ತೆಗೆಯಲು ಮಿನರಲ್ ಟರ್ಪೆಂಟೈನಿನಲ್ಲಿ ಅದ್ದಿ ಹಿಂಡಿದ ಹತ್ತಿ ಸಾಕು. ಹತ್ತಿಗೆ ಕಂದು ಬಣ್ಣ ಬರುವುದು ನಿಲ್ಲುವ ತನಕ ತುಂಡು ಬದಲಿಸುತ್ತ ಹೋಗಿ. ಬೆಳ್ಳಿ ಬಹಳ ಕಪ್ಪಿದ್ದರೆ ನುಣ್ಣನೆ ಸೀಮೆಸುಣ್ಣದ ಪುಡಿಗೆ ಒಂದೆರಡು ಹನಿ ನೀರು ಹಾಕಿ, ಬೆಳ್ಳಿಯ ಮೇಲಷ್ಟೇ ಹತ್ತಿ ಕಡ್ಡಿಯಿಂದ ಉಜ್ಜಿ ತಕ್ಷಣ ಒರೆಸಿ. ಕಪ್ಪಿನ ಮೇಲೆ ಪುಡಿ ಹರಿದಾಡಬಾರದು.

ಆಮೇಲೆ ಮೇಣ. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ, ಬೆವರಿನ ಉಪ್ಪು ಮೇಣದಡಿಯಲ್ಲಿ ಸಿಕ್ಕಿಬಿದ್ದರೆ ಬೆರಳ ಗುರುತು ಶಾಶ್ವತ. ಅಂಗೈಯಗಲದ ತಟ್ಟೆಗೆ ತೊಗರಿಕಾಳಿನಷ್ಟು ಮೇಣ ಹೆಚ್ಚೇ. ಒಗೆದು ಮೆತ್ತಗಾದ ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತುಸುತ್ತಾಗಿ ಸವರಿ, ಸ್ಪಿರಿಟ್ ಆರಲು ಕೆಲವು ನಿಮಿಷ ಬಿಟ್ಟು, ಬೇರೆ ಒಣ ಬಟ್ಟೆಯಲ್ಲಿ ತಿಕ್ಕಿ. ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಹೊತ್ತು ಬೇಕಾಗಬಹುದು. ಕೆಲವು ಗಂಟೆ ಕಳೆದು ಇನ್ನೊಂದು ತೆಳು ಕೈ. ಎರಡು ತೆಳು ಕೈ ಕೊಡುವ ಫಲ ಒಂದು ದಪ್ಪ ಕೈ ಕೊಡುವುದಿಲ್ಲ: ದಪ್ಪ ಮೇಣದ ಮೇಲ್ಪದರ ಮೊದಲು ಗಟ್ಟಿಯಾಗಿ ಒಳಗೆ ಸ್ಪಿರಿಟ್ ಉಳಿಯುತ್ತದೆ, ತಿಕ್ಕಿದಾಗ ಪಟ್ಟೆಪಟ್ಟೆಯಾಗಿ ಎಳೆಯುತ್ತದೆ. ಸರಿಯಾಗಿ ಕೂತ ಮೇಲೆ ಕಪ್ಪು ಎಣ್ಣೆ ಹಚ್ಚಿದಷ್ಟೇ ಆಳವಾಗಿ ಕಾಣುತ್ತದೆ, ಮುಟ್ಟಿದರೆ ಅಂಟುವುದಿಲ್ಲ. ಬೆಳ್ಳಿ ಮತ್ತೆ ಮಾಸುವುದನ್ನು ಇದು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ.

ಮರದ ಮೇಲೆ ನಮ್ಮ ಉತ್ಸಾಹ ಇಷ್ಟಿಲ್ಲ. ಮೊದಲು ಮೇಲಿರುವ ಪಾಲಿಶ್ ಯಾವುದೆಂದು ತಿಳಿಯಬೇಕು. ಕುರ್ಚಿಯಡಿ, ಡ್ರಾಯರ್ ಬೆನ್ನು, ಹೀಗೆ ಕಾಣದ ಕಡೆ ಡಿನೇಚರ್ಡ್ ಸ್ಪಿರಿಟ್ ಒಂದು ಹನಿ ಇಡಿ. ಅಂಟಂಟಾದರೆ ಅರಗಿನ ಪಾಲಿಶ್. ಅದಕ್ಕೆ ಜಗ್ಗದೆ ಥಿನ್ನರ್‌ಗೆ ಮೆತ್ತಗಾದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಎರಡಕ್ಕೂ ಅಲ್ಲಾಡದಿದ್ದರೆ ಬಹುಮಟ್ಟಿಗೆ ಪಿಯು (ಪಾಲಿಯುರೆಥೇನ್). ಅರಗು ವೈಟ್ ಸ್ಪಿರಿಟ್‌ಗೆ ಕರಗುವುದಿಲ್ಲ, ಹಾಗಾಗಿ ಹಳೇ ಬೀಟೆ ಮೇಜು, ತೇಗದ ಬೀರುಗಳ ಅರಗಿನ ಮೇಲೆ ಈ ಮೇಣ ನಿರ್ಭಯವಾಗಿ ಹಚ್ಚಬಹುದು. ಆದರೆ ಬಿಸಿ ಲೋಟ ಇಟ್ಟ ಬಿಳಿ ಉಂಗುರ ಮೇಣಕ್ಕೆ ಹೋಗುವುದಿಲ್ಲ. ಅದು ಅರಗಿನೊಳಗೆ ಸಿಕ್ಕಿಕೊಂಡ ತೇವ. ಡಿನೇಚರ್ಡ್ ಸ್ಪಿರಿಟ್ ತೇವ ಮಾತ್ರ ಇರುವ ಬಟ್ಟೆಯುಂಡೆಯನ್ನು ನಿಲ್ಲಿಸದೆ ಒಮ್ಮೆ ಹಾಯಿಸಿ ಅದನ್ನು ಮೊದಲು ತೆಗೆದುಕೊಳ್ಳಬೇಕು. ಮೇಣ ಹಚ್ಚಿದ ಮೇಲೆ ಹೊಸ ಅರಗು ಸರಿಯಾಗಿ ಹಿಡಿಯದು, ಲ್ಯಾಕರ್ ಹೊಡೆದರೆ ಅಲ್ಲಲ್ಲಿ ಗುಳಿ ಬೀಳುತ್ತದೆ. ಪಾಲಿಶ್ ಇಲ್ಲದ ಬರಿ ಮರ ಮೇಣವನ್ನು ಕುಡಿದು ಮಚ್ಚೆಮಚ್ಚೆಯಾಗುತ್ತದೆ.

ಕೆತ್ತನೆಯಲ್ಲಿ ಇನ್ನೊಂದು ತಲೆನೋವು. ಸಂದಿಯಲ್ಲಿ ಉಳಿದ ಮೇಣ ಬಿಳಿಯಾಗಿ ಒಣಗುತ್ತದೆ, ಬೀಟೆಯ ಗಾಢ ಬಣ್ಣದ ಮೇಲೆ ದೂರದಿಂದಲೇ ಕಾಣುತ್ತದೆ. ಆದ್ದರಿಂದ ಅಲ್ಲಿಗೆ ಬಟ್ಟೆಯ ಬದಲು ಬೂಟು ತಿಕ್ಕುವ ಕುದುರೆಕೂದಲಿನ ಬ್ರಷ್ಷೇ ಸರಿ: ಒಂದರಲ್ಲಿ ಸವರಿ, ಇನ್ನೊಂದರಲ್ಲಿ ತಿಕ್ಕಿ. ಬಿಳಿ ಉಳಿದರೆ ಮಿನರಲ್ ಟರ್ಪೆಂಟೈನ್ ಸೋಕಿಸಿದ ಹತ್ತಿ ಕಡ್ಡಿ. ದೊಡ್ಡ ಬಾಗಿಲು, ತೊಟ್ಟಿಮನೆಯ ಕಂಬಗಳಿಗೆ ಈ ಡಬ್ಬಿ ತೆರೆಯುವುದು ಸುಮ್ಮನೆ ದುಂದು. ಅಲ್ಲಿಗೆ ಅರಗಿನ ಪಾಲಿಶೇ ಸಾಕು. ಸ್ಪ್ರೇ ಫರ್ನಿಚರ್ ಪಾಲಿಶ್ ಮಾತ್ರ ಬೇಡ. ಅವುಗಳಲ್ಲಿ ಅನೇಕಕ್ಕೆ ಸಿಲಿಕೋನ್ ಬೆರೆಸಿರುತ್ತಾರೆ, ಮರದ ರಂಧ್ರಕ್ಕೆ ಒಮ್ಮೆ ಇಳಿದರೆ ಮುಂದೆ ಯಾವ ಪಾಲಿಶನ್ನೂ ಸಮವಾಗಿ ಕೂರಲು ಬಿಡುವುದಿಲ್ಲ.

ಪೂಜೆಯ ಹಿತ್ತಾಳೆಗೆ ಇದು ಬೇಡವೇ ಬೇಡ. ಉರಿಯುವ ದೀಪದ ಬಿಸಿಗೆ ಮೇಣ ಕರಗಿ ಎಣ್ಣೆಗೆ ಸೇರುತ್ತದೆ, ಅಭಿಷೇಕದ ವಿಗ್ರಹಕ್ಕೆ ಮತ್ತೆ ಮತ್ತೆ ಹುಣಸೆಹಣ್ಣು ತಿಕ್ಕುವಾಗ ಮೇಣ ಉಳಿಯುವುದಾದರೂ ಹೇಗೆ? ಶೋಕೇಸಿನಲ್ಲಿ ಇಡುವ ಹಿತ್ತಾಳೆಗಾದರೆ ಒಳ್ಳೆಯದು. ಹುಳಿ ಹಾಕಿ ತಿಕ್ಕಿದ ಹಿತ್ತಾಳೆ ಕೆಲವೆಡೆ ಗುಲಾಬಿ ಕೆಂಪಾಗಿದ್ದರೆ ಸತು ಕರಗಿ ತಾಮ್ರ ಮೇಲೆ ಬಂದಿದೆ ಎಂದರ್ಥ. ಮೇಣ ಅದನ್ನು ಮರೆಮಾಡುವುದಿಲ್ಲ.

ಕಂಚಿನ ವಿಗ್ರಹದಲ್ಲಿ ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಡಬ್ಬಿ ಮುಚ್ಚಿಡಿ. ಅದು ಕ್ಲೋರೈಡ್ ಹುಟ್ಟಿಸುವ ರೋಗ, ಉಪ್ಪು-ಹುಣಸೆ ಉಜ್ಜಿದ್ದು, ಮಣ್ಣಿನಲ್ಲಿ ಹೂತಿದ್ದು, ಕರಾವಳಿಯ ಗಾಳಿ, ಕಾರಣ ಯಾವುದೂ ಇರಬಹುದು. ತೇವವಿರುವ ತನಕ ಅದು ಲೋಹವನ್ನು ತಿನ್ನುತ್ತಲೇ ಇರುತ್ತದೆ, ಮೇಣದಡಿಯಲ್ಲೂ. ಪುಡಿಯನ್ನು ಯಾಂತ್ರಿಕವಾಗಿ ತೆಗೆದು, ಆಲ್ಕೋಹಾಲ್‌ನಲ್ಲಿ ಶೇ. 3ರ ಬೆಂಜೋಟ್ರೈಅಜೋಲ್ (ತಾಮ್ರದ ಸವೆತ ತಡೆಯುವ ರಾಸಾಯನಿಕ) ದ್ರಾವಣ ಕೊಟ್ಟು, ಒಣ ಜಾಗದಲ್ಲಿಟ್ಟು ಗಮನಿಸಿದ ಮೇಲಷ್ಟೇ ಮೇಣದ ಸರದಿ. ಬೆಂಜೋಟ್ರೈಅಜೋಲ್ ವಿಷಕಾರಿ, ಮನೆಯಲ್ಲಿ ಮಾಡುವ ಕೆಲಸವಲ್ಲ. ಕನ್ಸರ್ವೇಟರ್, ಎಂದರೆ ಹಳೇ ವಸ್ತುಗಳ ಸಂರಕ್ಷಣೆ ಬಲ್ಲ ತಜ್ಞರ ಕೈಗೆ ಕೊಡಿ.

ಮೈಸೂರು ಶೈಲಿಯ ಚಿತ್ರಗಳ ಹತ್ತಿರವೂ ಇದನ್ನು ಒಯ್ಯಬೇಡಿ. ಚಿನ್ನದ ರೇಕು, ಅದರಡಿಯ ಉಬ್ಬು ಕೆಲಸ ಎರಡೂ ತಿಕ್ಕುವುದಕ್ಕೆ ನಿಲ್ಲುವುದಿಲ್ಲ. ತೈಲಚಿತ್ರಕ್ಕೂ ಅದೇ ಮಾತು, ವಾರ್ನಿಷ್ ವೈಟ್ ಸ್ಪಿರಿಟ್‌ಗೆ ಹೇಗೆ ವರ್ತಿಸುತ್ತದೆಂದು ಪರೀಕ್ಷಿಸದೆ ಮುಟ್ಟಬಾರದು.

ಬಿದ್ರಿ, ಶೋಕೇಸಿನ ಲೋಹ, ಹಳೇ ಬೀಗ-ಕತ್ತಿಗಳಿಗೆ 5ಕ್ಕೆ 4½. ಅರಗಿನ ಪಾಲಿಶ್ ಇರುವ ಸಣ್ಣ ಮರದ ಸಾಮಾನಿಗೆ 3½. ಪೂಜಾಮನೆಗೆ ಸೊನ್ನೆ. ಮನೆಯ ಸಂಗ್ರಹಕ್ಕೆ 65 ಮಿ.ಲೀ. ಡಬ್ಬಿಯೇ ವರ್ಷಗಟ್ಟಲೆ ಬರುತ್ತದೆ, ದೊಡ್ಡದು ಕೊಂಡರೆ ಅರ್ಧಕ್ಕೇ ಗಟ್ಟಿಯಾಗುವ ಸಾಧ್ಯತೆ ಹೆಚ್ಚು. ಮುಚ್ಚಳ ಬಿಗಿಯಾಗಿರಲಿ. ಗಟ್ಟಿಯಾದರೆ ನಾಲ್ಕೈದು ಹನಿ ವೈಟ್ ಸ್ಪಿರಿಟ್ ಬಿಟ್ಟು ಒಂದು ರಾತ್ರಿ ಇಡಿ, ಒಲೆಯ ಮೇಲೆ ಮಾತ್ರ ಬೇಡ, ಆವಿ ಹೊತ್ತಿಕೊಳ್ಳುತ್ತದೆ. ಬಳಸಿದ ಬಟ್ಟೆಯನ್ನೂ ಬಯಲಲ್ಲಿ ಹರಡಿ ಒಣಗಿಸಿಯೇ ಕಸಕ್ಕೆ ಹಾಕಿ.