ಇ-ರೀಡರ್‌ನಲ್ಲಿ ಕನ್ನಡ ಓದು: ಕಂಪನಿ ತಂತ್ರಾಂಶವೋ, ಕೋರೀಡರೋ, ಫೋನೋ?

ನಾನು ಇ-ರೀಡರ್ ಕೊಂಡಿದ್ದೇ ಕನ್ನಡ ಪುಸ್ತಕ ಓದೋಕೆ. ಹಾಗಾಗಿ ಇಲ್ಲಿ ಬ್ಯಾಟರಿ, ಪರದೆ, ಬೆಲೆಯ ಹೋಲಿಕೆ ಇಲ್ಲ. ಕನ್ನಡ ಓದಲು ನಾನು ಬಳಸಿ ನೋಡಿದ ಮೂರು ದಾರಿಗಳಿವೆ: ಸಾಧನದ ಜೊತೆ ಬಂದ ಕಂಪನಿಯ ತಂತ್ರಾಂಶ, ಅದೇ ಸಾಧನಕ್ಕೆ ಹಾಕಿಕೊಂಡ ಕೋರೀಡರ್ ಎಂಬ ಸ್ವತಂತ್ರ ತಂತ್ರಾಂಶ (ಯಾರು ಬೇಕಾದರೂ ಬಳಸಿ, ಕೋಡ್ ನೋಡಿ, ತಿದ್ದಿ, ಹಂಚಬಹುದಾದದ್ದು), ಮತ್ತು ಆಂಡ್ರಾಯ್ಡ್ ಫೋನ್. ಪರೀಕ್ಷೆಗೆ ಎರಡು ಕಡತ ಇಟ್ಟುಕೊಂಡೆ. ಒಂದು ಕನ್ನಡ ವಿಕಿಸೋರ್ಸ್ ಎಂಬ ಉಚಿತ ಆನ್‌ಲೈನ್ ಗ್ರಂಥಾಲಯದಿಂದ ಇಳಿಸಿಕೊಂಡ ಇಪಬ್, ಅಂದರೆ ಇ-ಪುಸ್ತಕದ ಕಡತ. ಇನ್ನೊಂದು ಇಂಟರ್ನೆಟ್ ಆರ್ಕೈವ್‌ನಲ್ಲಿದ್ದ ಹಳೆಯ ಪುಸ್ತಕದ ಸ್ಕ್ಯಾನ್ ಪಿಡಿಎಫ್.

ಮೊದಲು ಅಕ್ಷರ. ಎಲ್ಲದಕ್ಕಿಂತ ಮುಖ್ಯವಾದದ್ದು ಇದೇ. ಕನ್ನಡಕ್ಕೆ ಬರೀ ಫಾಂಟ್ ಇದ್ದರೆ ಸಾಲದು. ‘ರಾಷ್ಟ್ರ’ ಎಂದು ಕಾಣಬೇಕಾದರೆ ಷ ಅಕ್ಷರಕ್ಕೆ ಟ ಒತ್ತು, ರ ಒತ್ತು ಎರಡೂ ಸರಿಯಾಗಿ ಬಂದು ಕೂರಬೇಕು. ‘ಸೂರ್ಯ’ ಪದದಲ್ಲಿ ಯ ಅಕ್ಷರಕ್ಕಿಂತ ಮೊದಲೇ ಟೈಪ್ ಆದ ರ, ಅರ್ಕಾವೊತ್ತಾಗಿ ಅದರ ಬಲಕ್ಕೆ ಹೋಗಬೇಕು. ಯಾವುದು ಎಲ್ಲಿ ಕೂರಬೇಕು ಅನ್ನುವ ನಿಯಮ ಫಾಂಟ್‌ನಲ್ಲಿ ಇರುತ್ತದೆ, ಆದರೆ ಅದನ್ನು ಓದಿ ಜೋಡಿಸುವ ಕೆಲಸ ತಂತ್ರಾಂಶದ್ದು.

ಕಂಪನಿಯ ತಂತ್ರಾಂಶದಲ್ಲಿ ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿ ನೋಡಿದೆ. ಅಕ್ಷರಗಳು ಬಂದವು, ಒತ್ತುಗಳು ಬರಲಿಲ್ಲ. ‘ರಾಷ್‌ಟ್‌ರ’ ಅಂತ ಬಿಡಿಬಿಡಿಯಾಗಿ ಕಾಣಿಸಿತು. ಹೀಗೆ ಒಂದು ಪುಟ ಓದುವುದೂ ಕಷ್ಟ. ಸೆಟ್ಟಿಂಗ್ಸ್‌ನಲ್ಲಿ ಬದಲಿಸೋಕೆ ಏನೂ ಇಲ್ಲ. ಸಾಧನ ನಮ್ಮದೇ, ಆದರೆ ನಮ್ಮ ಭಾಷೆ ಅದರಲ್ಲಿ ಸರಿಯಾಗಿ ಕಾಣಬೇಕೋ ಬೇಡವೋ ಅನ್ನುವುದು ಬೇರೆಯವರ ಕೈಯಲ್ಲಿದೆ. 2016ರಲ್ಲಿ ಅಮೆಜಾನ್ ತನ್ನ ಇ-ರೀಡರ್ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಆ ಪಟ್ಟಿ ನೋಡಿ ಬೇಸರಪಟ್ಟ ಕನ್ನಡಿಗರು ಒಬ್ಬಿಬ್ಬರಲ್ಲ.

ಕೋರೀಡರ್‌ನಲ್ಲಿ ಅದೇ ಕಡತ, ಅದೇ ಫಾಂಟ್. ಒತ್ತು, ಅರ್ಕಾವೊತ್ತು, ದೀರ್ಘ ಎಲ್ಲವೂ ತಮ್ಮ ಜಾಗದಲ್ಲಿ ಕೂತವು. ಕಾರಣ ಹಾರ್ಫ್‌ಬಝ್ ಅನ್ನುವ ಇನ್ನೊಂದು ಸ್ವತಂತ್ರ ತಂತ್ರಾಂಶ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲವೂ ಅಕ್ಷರ ಜೋಡಿಸೋಕೆ ಬಳಸುವುದು ಇದನ್ನೇ. ಯಾರೋ ಒಮ್ಮೆ ಕನ್ನಡಕ್ಕಾಗಿ ಸರಿಮಾಡಿದ್ದು ಎಲ್ಲ ಕಡೆಗೂ ತಲುಪುತ್ತದೆ. ಗುಬ್ಬಿ, ನವಿಲು ಫಾಂಟ್‌ಗಳನ್ನೂ ಹಾಕಿ ನೋಡಿದೆ, ಚೆನ್ನಾಗಿ ಬಂದವು.

ಇನ್ನೊಂದು ಖುಷಿ ನಿಘಂಟಿನದು. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ 1.5 ಲಕ್ಷಕ್ಕೂ ಜಾಸ್ತಿ ಪದಗಳಿವೆ. 2019ರಲ್ಲಿ ಅದರ ದತ್ತಾಂಶ ಮುಕ್ತ ಪರವಾನಗಿಯಲ್ಲಿ ಹೊರಬಂತು. ಹಾಗಾಗಿ ಕೇಳದೆಯೇ ಅದನ್ನು ಸ್ಟಾರ್‌ಡಿಕ್ಟ್ ಎಂಬ ನಿಘಂಟು ಕಡತದ ರೂಪಕ್ಕೆ ಬದಲಿಸಿ ಕೋರೀಡರ್‌ಗೆ ಹಾಕಿಕೊಳ್ಳಬಹುದು. ಹಳೆಯ ಗದ್ಯ ಓದುವಾಗ ಪದದ ಮೇಲೆ ಬೆರಳಿಟ್ಟರೆ ಅರ್ಥ ಅಲ್ಲೇ ಬರುತ್ತದೆ. ಆದರೆ ಒಂದು ತೊಡಕಿದೆ. ನಮ್ಮ ಪದಗಳು ವಿಭಕ್ತಿ ಹೊತ್ತುಕೊಂಡೇ ಬರುತ್ತವಲ್ವಾ? ‘ಮನೆ’ ನಿಘಂಟಿನಲ್ಲಿದೆ, ‘ಮನೆಗಳಿಂದ’ ಇಲ್ಲ. ಕೊನೆಯ ಭಾಗ ಅಳಿಸಿ ಮತ್ತೆ ಹುಡುಕಬೇಕು. ಕನ್ನಡ ವ್ಯಾಕರಣವನ್ನೂ ಪ್ರೋಗ್ರಾಮಿಂಗನ್ನೂ ಬಲ್ಲವರು ಯಾರಾದರೂ ಇದಕ್ಕೆ ಕೈಹಾಕಬೇಕು ಅಂತ ನನ್ನ ಆಸೆ. ಕೋರೀಡರ್‌ನ ಕೋಡ್ ಎಲ್ಲರಿಗೂ ತೆರೆದಿದೆ.

ಸ್ಕ್ಯಾನ್ ಪಿಡಿಎಫ್‌ನಲ್ಲೂ ಕೋರೀಡರೇ ಮುಂದೆ. ಅಂಚು ಕತ್ತರಿಸಿ, ಮಾಸಿದ ಅಕ್ಷರಗಳನ್ನು ಗಾಢ ಮಾಡಿದರೆ ಆರು ಇಂಚಿನ ಪರದೆಯಲ್ಲೂ ಓದಬಹುದು. ಕಂಪನಿಯ ತಂತ್ರಾಂಶದಲ್ಲಿ ಹಿಗ್ಗಿಸಿ ಅತ್ತಿತ್ತ ಎಳೆಯುವುದೇ ಆಯಿತು.

ಫೋನ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಕನ್ನಡ ಚೆನ್ನಾಗಿಯೇ ಕಾಣುತ್ತದೆ, ಕೋರೀಡರನ್ನು ಎಫ್-ಡ್ರಾಯ್ಡ್ ಎಂಬ ಸ್ವತಂತ್ರ ಆ್ಯಪ್‌ಗಳ ಭಂಡಾರದಿಂದ ಅದಕ್ಕೂ ಹಾಕಿಕೊಳ್ಳಬಹುದು. ಆದರೆ ರಾತ್ರಿ ಕಣ್ಣು ಉರಿಯುತ್ತದೆ, ಮಧ್ಯೆ ಮಧ್ಯೆ ಮೆಸೇಜ್ ಬರುತ್ತದೆ.

ಕೋರೀಡರ್ ಎಲ್ಲರಿಗೂ ಸುಲಭ ಅಂತ ಹೇಳಲಾರೆ. ಮೆನು ಒಳಗೆ ಮೆನು, ಅದರೊಳಗೆ ಇನ್ನೊಂದು. ಮನೆಯ ಹಿರಿಯರಿಗೆ ಕೊಡುವಾಗ ನಾವೇ ಫಾಂಟು, ಗಾತ್ರ ಎಲ್ಲ ಹೊಂದಿಸಿ ಕೊಡಬೇಕು. ಸಾಧನದ ಆಯ್ಕೆಯಲ್ಲೂ ಎಚ್ಚರ ಬೇಕು. ಕೋಬೋ ಎಂಬ ಕಂಪನಿಯ ಇ-ರೀಡರ್‌ಗಳಿಗೆ ಕೇಬಲ್ ಹಾಕಿ ಕಡತಗಳನ್ನು ಕಾಪಿ ಮಾಡಿದರೆ ಕೆಲಸ ಮುಗಿಯುತ್ತದೆ, ಹಳೆಯ ತಂತ್ರಾಂಶವೂ ಹಾಗೇ ಉಳಿಯುತ್ತದೆ. ಕಿಂಡಲ್‌ಗೆ ಮೊದಲು ಜೈಲ್‌ಬ್ರೇಕ್ ಮಾಡಬೇಕು, ಅಂದರೆ ಕಂಪನಿ ಹಾಕಿದ ನಿರ್ಬಂಧ ಮುರಿಯಬೇಕು. ಎರಡರ ಒಳಗೂ ಇರುವುದು ಲಿನಕ್ಸ್ ಕರ್ನಲ್ಲೇ, ಅಂದರೆ ಸಾಧನವನ್ನು ನಡೆಸುವ ತಿರುಳು ತಂತ್ರಾಂಶ; ಇದೂ ಸ್ವತಂತ್ರ ತಂತ್ರಾಂಶವೇ. ಲಿನಕ್ಸ್‌ನ ಪರವಾನಗಿ ಜಿಪಿಎಲ್ (ಸ್ವತಂತ್ರ ತಂತ್ರಾಂಶಗಳ ಒಂದು ಹೆಸರಾಂತ ಪರವಾನಗಿ) ಎರಡನೇ ಆವೃತ್ತಿ. ಅದರಂತೆ ಮೂಲ ಕೋಡ್ ಕೊಡಬೇಕು, ಆದರೆ ತಿದ್ದಿದ ಕೋಡನ್ನು ಅದೇ ಸಾಧನದಲ್ಲಿ ಓಡಿಸಲು ಬಿಡಲೇಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿಲ್ಲ. 2007ರಲ್ಲಿ ಬಂದ ಮೂರನೇ ಆವೃತ್ತಿ ಈ ಕಂಡಿಯನ್ನು ಮುಚ್ಚಲು ನೋಡಿತು. ಲಿನಕ್ಸ್ ಎರಡನೆಯದರಲ್ಲೇ ಉಳಿಯಿತು. ಒಂದು ಸಾಧನದೊಳಗೆ ಸ್ವತಂತ್ರ ತಂತ್ರಾಂಶ ಇದ್ದ ಮಾತ್ರಕ್ಕೆ ಓದುಗರಿಗೆ ಸ್ವಾತಂತ್ರ್ಯ ಸಿಕ್ಕಂತಲ್ಲ ಅನ್ನುವುದು ನನಗೆ ಇಲ್ಲಿಂದಲೇ ಅರ್ಥವಾಯಿತು.

ಹೊಸದಾಗಿ ಕೊಳ್ಳುವವರು ಅಂಗಡಿಯ ಜಾಹೀರಾತಿಗಿಂತ ಮೊದಲು ಕೋರೀಡರ್ ಯಾವ ಸಾಧನಗಳಲ್ಲಿ ಓಡುತ್ತದೆ ಅನ್ನುವ ಪಟ್ಟಿ ನೋಡಿ. ವಿಕಿಸೋರ್ಸ್, ಹಳೆಯ ಸ್ಕ್ಯಾನ್, ಬೀಗವಿಲ್ಲದ ಇಪಬ್ ಓದುವವರಿಗೆ ನನ್ನ ಆಯ್ಕೆ ಕೋರೀಡರೇ. ದುಡ್ಡು ಕೊಟ್ಟು ಆ್ಯಪ್‌ನೊಳಗೆ ಕೊಂಡ ಹೊಸ ಕನ್ನಡ ಪುಸ್ತಕಗಳಿಗೆ ಡಿಆರ್‌ಎಂ (ನಕಲು ತಡೆಯಲು ಹಾಕುವ) ಬೀಗ ಇದ್ದರೆ ಕೋರೀಡರ್ ಅವನ್ನು ತೆರೆಯುವುದಿಲ್ಲ. ಅಂಥವನ್ನು ನಾನು ಈಗಲೂ ಫೋನಿನಲ್ಲೇ ಓದುತ್ತಿದ್ದೇನೆ.