ಮಳೆಗಾಲದ ನೀರಿನ ರಿಪೋರ್ಟ್ ನಂಬಿ ಬೇಸಿಗೆಯಲ್ಲಿ ಆರ್‌ಒ ಓಡಿಸಬೇಡಿ

ಕಾರವಾರ, ಸದಾಶಿವಗಡದ ಕಡೆ ಬಾವಿ ನೀರಿಗೆ ಆರ್‌ಒ ಘಟಕ ಹಾಕಿಸುವವರು ದಯವಿಟ್ಟು ಇದನ್ನು ಓದಿ. ನಮ್ಮ ಹೋಂಸ್ಟೇಯ ಘಟಕದಲ್ಲಿ ಉಪ್ಪು ಸೋಸುವ ನಾಲ್ಕು ಮೆಂಬ್ರೇನ್ ಇದ್ದವು. ಒಂದೇ ಬೇಸಿಗೆಗೆ ಎರಡು ಹೋದವು.

ನಮ್ಮ ಬಾವಿ ಕಾಳಿ ನದಿ ಸಮುದ್ರ ಸೇರುವಲ್ಲಿಗೆ ಹತ್ತಿರ. ಮಳೆಗಾಲದಲ್ಲಿ ಸಿಹಿನೀರು, ಫೆಬ್ರವರಿ ದಾಟಿದರೆ ಸವುಳು. ಘಟಕ ಕೂರಿಸಿದವರು ನೀರು ಪರೀಕ್ಷೆ ಮಾಡಿಸಿದ್ದು ಆಗಸ್ಟ್‌ನಲ್ಲಿ. ಮೆಂಬ್ರೇನ್‌ನಲ್ಲಿ ಸುಣ್ಣ ಕಟ್ಟದಂತೆ ನೀರಿಗೆ ಬಿಡುವ ಔಷಧ, ಆಂಟಿಸ್ಕೇಲೆಂಟ್, ಎಷ್ಟು ಬಿಡಬೇಕೆಂದು ಗೊತ್ತು ಮಾಡಿದ್ದೂ ಅದೇ ರಿಪೋರ್ಟ್ ನೋಡಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ, 2,700 ಮಿಲಿಗ್ರಾಂ ಸಲ್ಫೇಟ್ ಇರುತ್ತದೆ. ಏಪ್ರಿಲ್‌ನಲ್ಲಿ ಅದು ಬಾವಿಗೆ ನುಗ್ಗಿದಾಗ ಆಗಸ್ಟ್‌ನ ಲೆಕ್ಕ ಯಾವ ಕೆಲಸಕ್ಕೆ ಬಂದೀತು?

ಸಾಲದ್ದಕ್ಕೆ ಸರ್ವಿಸ್‌ಗೆ ಬಂದ ಹುಡುಗ, "ಅಣ್ಣಾ, ಅರ್ಧ ನೀರು ಗಟಾರಕ್ಕೇ ಹೋಗ್ತದೆ, ವಾಲ್ವ್ ಸ್ವಲ್ಪ ಬಿಗಿ ಮಾಡ್ತೆ" ಎಂದ. ಟ್ಯಾಂಕರ್‌ಗೆ ದುಡ್ಡು ಸುರಿದವನು ನಾನು, ಹೂಂ ಅಂದೆ. 100 ಲೀಟರ್‌ನಲ್ಲಿ 50 ಸಿಹಿನೀರು ತೆಗೆದರೆ ಉಳಿದದ್ದರಲ್ಲಿ ಉಪ್ಪು, ಸುಣ್ಣ ಹೆಚ್ಚುಕಡಿಮೆ ಎರಡು ಪಟ್ಟು. 75 ತೆಗೆದರೆ ನಾಲ್ಕು ಪಟ್ಟು. ಆ ದಟ್ಟ ನೀರು ಹಾಯುವುದು ಕೊನೆಯ ಮೆಂಬ್ರೇನ್‌ಗಳಲ್ಲಿ, ಹರಳುಗಟ್ಟುವುದೂ ಅಲ್ಲೇ. ಆಂಟಿಸ್ಕೇಲೆಂಟ್ ಸುಣ್ಣ ತೆಗೆಯುವುದಿಲ್ಲ, ಹರಳು ಬೆಳೆಯುವುದನ್ನು ತಡಮಾಡುತ್ತದೆ ಅಷ್ಟೆ.

ಸಿಹಿನೀರು ಕಡಿಮೆಯಾದಾಗ ನಾವು ಒತ್ತಡ ಏರಿಸಿದೆವು. ಇದೊಂದನ್ನು ಮಾತ್ರ ಮಾಡಲೇಬೇಡಿ. ಆಮೇಲೆ ಕುಡಿಯುವ ನೀರೂ ಉಪ್ಪಾಯಿತು. ಬಿಚ್ಚಿದರೆ ಕೊನೆಯ ಮೆಂಬ್ರೇನ್ ಕಲ್ಲಿನಷ್ಟು ಭಾರ, ತುದಿಯಲ್ಲಿ ಚಿಪ್ಪಿಸುಣ್ಣದಂಥ ಬಿಳಿ ಪುಡಿ. ಪುಡಿಗೆ ವಿನೆಗರ್ ಹಾಕಿದೆ; ಒಂದಷ್ಟು ನೊರೆಯೆದ್ದು ಕರಗಿತು, ಉಳಿದದ್ದು ಹಾಗೇ ಕೂತಿತು. ನೊರೆಯೆದ್ದದ್ದು ಕಾರ್ಬೊನೇಟ್, ಸಿಟ್ರಿಕ್ ಆಮ್ಲದಲ್ಲಿ ತೊಳೆದರೆ ಹೋಗುತ್ತದೆ. ಸಲ್ಫೇಟ್ ಅದಕ್ಕೆ ಜಗ್ಗುವುದಿಲ್ಲ. ಮೊದಲಿನ ಎರಡು ಮೆಂಬ್ರೇನ್ ಬದುಕಿದವು, ಕೊನೆಯವೆರಡು ಇಲ್ಲ.

ಪರೀಕ್ಷೆ ಏಪ್ರಿಲ್-ಮೇನಲ್ಲೂ ಮಾಡಿಸಿ. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಒಂದೇ ಸಾಲದು. ಕ್ಯಾಲ್ಸಿಯಂ, ಸಲ್ಫೇಟ್, ಕ್ಷಾರೀಯತೆ, ಸಿಲಿಕಾ ಕೇಳಿ ಬರೆಸಿ. ಹರಿವು, ಒತ್ತಡ ದಿನಾ ಬರೆದಿಡಿ, ಹರಿವು ನೂರಕ್ಕೆ ಹತ್ತರಷ್ಟು ಇಳಿದರೆ ಆಗಲೇ ತೊಳೆಸಿ. ಘಟಕ ನಿಲ್ಲಿಸುವಾಗ ಒಳಗಿನ ದಟ್ಟ ನೀರನ್ನು ಸಿಹಿನೀರು ಹಾಯಿಸಿ ಹೊರಗೆ ಹಾಕಿ. ನಮ್ಮ ವಾಲ್ವ್ ಈಗ ಮತ್ತೆ ಅರ್ಧ ನೀರು ಹೊರಗೆ ಹೋಗುವ ಹಾಗೇ ಇದೆ. ಹೊರಗೆ ಬರುವ ಉಪ್ಪುನೀರು ಶೌಚಾಲಯದ ಟ್ಯಾಂಕಿಗೆ ಹೋಗುತ್ತದೆ.