ಸೇಂಟ್ ಆಂಡ್ರೂಸ್‌ನಲ್ಲಿ ಕಮ್ಮಿ ಖರ್ಚಲ್ಲಿ ಗಾಲ್ಫ್, ನಾವು ಹೋಗ್ಬಂದಿದ್ದು ಹೀಗೆ

ನಮ್ಮ ಭಾವ ಮೈಸೂರಲ್ಲಿ ಇಪ್ಪತ್ತು ವರ್ಷದಿಂದ ಗಾಲ್ಫ್ ಆಡ್ತಾ ಬಂದಿರೋರು, ರಿಟೈರ್ ಆದ್ಮೇಲೆ ಒಂದ್ಸಲ ಸ್ಕಾಟ್ಲೆಂಡಿನ ಗಾಲ್ಫ್ ಊರು ಸೇಂಟ್ ಆಂಡ್ರೂಸ್ ನೋಡ್ಲೇಬೇಕು ಅಂತಿದ್ರು, ನಾನು ಎಡಿನ್‌ಬರೋದಲ್ಲೇ ಇರೋದಲ್ವಾ, ಜೂನ್‌ನಲ್ಲಿ ಕರ್ಕೊಂಡು ಹೋದೆ. ಮೊದ್ಲು ಒಂದು ಟೂರ್ ಕಂಪನಿನ ವಿಚಾರಿಸಿದ್ವಿ. ಅಲ್ಲಿನ ಹಳೇ ಹೆಸರುವಾಸಿ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್‌ನಲ್ಲಿ ಆಡೋಕೆ ಗ್ಯಾರಂಟಿ ಟೈಮ್, ಜೊತೆಗೆ ಹೋಟ್ಲು ಅಂತ ಅವ್ರು ಹೇಳಿದ ರೇಟ್ ಕೇಳಿ ಭಾವ "ಬೇಡ ಕಣಪ್ಪಾ, ಈ ದುಡ್ಡಲ್ಲಿ ಊರಲ್ಲಿ ಮದುವೆನೇ ಮಾಡ್ಬೋದು" ಅಂದ್ಬಿಟ್ರು. ಆಮೇಲೆ ಎಲ್ಲಾ ನಾವೇ ಮಾಡ್ಕೊಂಡ್ವಿ.

ಸೀಸನ್‌ನಲ್ಲಿ ಓಲ್ಡ್ ಕೋರ್ಸ್ ಒಂದು ರೌಂಡ್‌ಗೆ ಈಗ 300 ಪೌಂಡ್ ದಾಟಿದೆ. ಆದ್ರೆ ಬ್ಯಾಲಟ್ ಅಂತ ಒಂದು ಲಾಟರಿ ಇದೆ, ಆಡೋ ದಿನಕ್ಕೆ ಎರಡು ದಿನ ಮುಂಚೆ ಹೆಸರು ಹಾಕೋದು, ಹೆಸರು ಹಾಕೋಕೆ ಒಂದು ಪೈಸೆನೂ ಇಲ್ಲ, ಸಿಕ್ಕಿದ್ರೆ ಮಾತ್ರ ಫೀಸು. ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ (ಆಡೋರ ಆಟದ ಮಟ್ಟ ತೋರ್ಸೋ ಕಾಗದ) ಕೇಳ್ತಾರೆ, ಊರಿಂದಾನೇ ತರ್ಬೇಕು. ನಾವು ಮೂರು ಸಲ ಹಾಕಿದ್ವಿ, ಮೂರೂ ಸಲ ಬರ್ಲಿಲ್ಲ. ಭಾವನ ಮುಖ ನೋಡಿ ನಂಗೆ ಸಂಕಟ ಆಯ್ತು.

ಆದ್ರೆ ಪಕ್ಕದಲ್ಲೇ ನ್ಯೂ ಕೋರ್ಸ್ ಇದೆ, ಹೆಸರಿಗೆ ನ್ಯೂ, ಶುರುವಾಗಿದ್ದು 1895ರಲ್ಲಿ, ಅದೇ ಮರಳುನೆಲ ಅದೇ ಸಮುದ್ರದ ಗಾಳಿ, ಫೀಸು ಓಲ್ಡ್ ಕೋರ್ಸಿನ ಅರ್ಧಕ್ಕಿಂತ ಕಮ್ಮಿ. ಭಾವ ಅಲ್ಲಿ ಆಡಿದ್ರು, ಕ್ಯಾಡಿ ಬೇಡ ಅಂತ ಬ್ಯಾಗ್ ತಾವೇ ಹೊತ್ಕೊಂಡ್ರು. ಇನ್ನೂ ಕಮ್ಮೀಲಿ ಆಗ್ಬೇಕು ಅಂದ್ರೆ ಸ್ಟ್ರಾತ್‌ಟೈರಮ್ ಕೋರ್ಸ್ ಇದೆ, ಹೊಸಬರಿಗೆ 9 ಹೋಲಿನ ಬಾಲ್ಗೋವ್ ಇದೆ. ಕ್ಲಬ್ಸ್ ಬಾಡಿಗೆಗೆ ತಗೊಂಡ್ವಿ, ಒಂದು ರೌಂಡ್‌ಗೋಸ್ಕರ ವಿಮಾನದಲ್ಲಿ ಬ್ಯಾಗ್ ಹೊತ್ಕೊಂಡು ಬರೋದ್ಯಾಕೆ, ಮೂರ್ನಾಲ್ಕು ರೌಂಡ್ ಆಡೋರಾದ್ರೆ ಸ್ವಂತದ್ದೇ ತನ್ನಿ.

ಇರೋಕೆ ಯೂನಿವರ್ಸಿಟಿ ಹಾಸ್ಟೆಲ್ ರೂಮು, ಬೇಸಿಗೆ ರಜೇಲಿ ಹೊರಗಿನೋರಿಗೂ ಕೊಡ್ತಾರೆ, ಕ್ಲೀನಾಗಿದೆ. ಸೇಂಟ್ ಆಂಡ್ರೂಸ್‌ಗೆ ಟ್ರೈನ್ ಇಲ್ಲ (1969ರಲ್ಲೇ ನಿಂತೋಯ್ತು), ಎಡಿನ್‌ಬರೋದಿಂದ ಲೂಕರ್ಸ್ ಸ್ಟೇಷನ್‌ವರೆಗೆ ಟ್ರೈನು, ಅಲ್ಲಿಂದ 99 ನಂಬರ್ ಬಸ್ಸು, ಕಾರ್ ಬೇಕಾಗ್ಲೇ ಇಲ್ಲ.

ಭಾನುವಾರದ್ದು ಮಾತ್ರ ಮರೆಯೋಕಾಗಲ್ಲ. ಭಾನುವಾರ ಓಲ್ಡ್ ಕೋರ್ಸಲ್ಲಿ ಆಟ ಇರಲ್ಲ, ದೊಡ್ಡ ಟೂರ್ನಮೆಂಟ್ ಇದ್ರೆ ಬೇರೆ ಮಾತು, ಊರವರಿಗೆಲ್ಲ ಅದು ಪಾರ್ಕು. 1552ರ ಸನ್ನದಿನಲ್ಲೇ ಈ ನೆಲದ ಮೇಲೆ ಊರವರ ಹಕ್ಕು ಬರೆದಿಟ್ಟಿದ್ದಾರೆ. ನಾಯಿ ಹಿಡ್ಕೊಂಡೋರು, ಮಕ್ಕಳು, ಎಲ್ಲಾ ಓಡಾಡ್ತಿದ್ರು. ಭಾವ ಚಪ್ಪಲಿ ಕೈಲಿ ಹಿಡ್ಕೊಂಡು ಕೋರ್ಸಲ್ಲಿರೋ ಹೆಸರುವಾಸಿ ಕಲ್ಲಿನ ಸ್ವಿಲ್ಕನ್ ಸೇತುವೆ ದಾಟಿದ್ರು, 17ನೇ ಹೋಲಿನ ಬಂಕರ್ (ಮರಳಿನ ಗುಂಡಿ) ಹತ್ರ ಹತ್ತು ನಿಮಿಷ ಸುಮ್ನೆ ನಿಂತಿದ್ರು. ಖರ್ಚು ಸೊನ್ನೆ.

ಸೋಮವಾರ ಬಸ್‌ಗೆ ಟೈಮ್ ಇತ್ತು ಅಂತ ಹಿಮಾಲಯಾಸ್‌ಗೆ ಹೋದ್ವಿ, 1867ರಲ್ಲಿ ಹೆಂಗಸರ ಕ್ಲಬ್‌ಗೆ ಅಂತ ಆ ಕಾಲದ ದೊಡ್ಡ ಗಾಲ್ಫ್ ಆಟಗಾರ ಓಲ್ಡ್ ಟಾಮ್ ಮಾರಿಸ್ ಮಾಡಿದ ಪಟಿಂಗ್ ಗ್ರೀನ್ (ಚೆಂಡನ್ನ ಮೆಲ್ಲಗೆ ಉರುಳಿಸಿ ಗುಳಿಗೆ ಹಾಕೋ ಹುಲ್ಲುನೆಲ), ನೆಲ ಪೂರ್ತಿ ಉಬ್ಬುತಗ್ಗು, ಒಂದು ಕಾಫಿ ದುಡ್ಡಲ್ಲಿ 18 ಹೋಲ್ ಆಡ್ಬೋದು. ಯಾವತ್ತೂ ಕ್ಲಬ್ ಮುಟ್ಟದಿರೋ ನನ್ನ ಮಗಳು ಭಾವನ್ನ ಎರಡು ಸ್ಟ್ರೋಕಲ್ಲಿ ಸೋಲಿಸಿದ್ಳು, ಭಾವ "ಇನ್ನೊಂದು ರೌಂಡ್ ಬಾ ಪುಟ್ಟಿ" ಅಂತ ಮತ್ತೆ ಟಿಕೆಟ್ ತಗೊಂಡ್ರು, ಬಸ್ಸು ಹೋಯ್ತು.